ಪಾಡ್‌ಕಾಸ್ಟ್: ಪಫ್ ಪ್ಯಾನೆಲ್ ಶೆಡ್‌ಗೆ ಸ್ಟೀಲ್ ಕಂಬವೋ, ಅಂಟಿಸಿದ ಮರದ ಕಂಬವೋ?

ಇವತ್ತಿನ ಸಂಚಿಕೆ ಸ್ವಲ್ಪ ಬೇರೆ ಥರ. ಸಾಲ, ತೆರಿಗೆ, ಉಳಿತಾಯ ಅಂತ ಮಾತಾಡೋ ನಾನು ಇವತ್ತು ಕಂಬ, ತೊಲೆ ಬಗ್ಗೆ ಮಾತಾಡ್ತೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಎಂಜಿನಿಯರ್ ಅಲ್ಲ, ಬಿ.ಕಾಂ ಓದಿದವನು. ಆದರೆ ಮನೆಯಲ್ಲಿ ಒಂದು ಕೋಟೇಶನ್ ಬಂದರೆ ಅದನ್ನ ಓದೋದು ನನ್ನ ತಲೆಗೇ ಬರುತ್ತೆ. ಈ ಸಲ ಒಂದಲ್ಲ, ಎರಡು ಕೋಟೇಶನ್ ಬಂದ್ವು.

ವಿಷಯ ಏನು ಅಂದ್ರೆ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೀತಾರೆ. ಹೂವು ವಿಂಗಡಿಸಿ, ಕಟ್ಟಿ, ಬಾಕ್ಸ್‌ಗೆ ಹಾಕೋಕೆ ಒಂದು ಶೆಡ್ ಬೇಕು. ಅದರೊಳಗೆ ಹೂವು ಇಡೋಕೆ ಒಂದು ಕೋಲ್ಡ್ ರೂಮ್ ಬೇಕು. ಅಗಲ 40 ಅಡಿ, ಉದ್ದ 60 ಅಡಿ. ಗೋಡೆ, ಛಾವಣಿ ಎಲ್ಲಾ ಪಫ್ ಪ್ಯಾನೆಲ್. ಗೊತ್ತಲ್ಲ, ಎರಡೂ ಕಡೆ ಬಣ್ಣ ಹಚ್ಚಿದ ತೆಳು ತಗಡು, ಮಧ್ಯೆ ಪಾಲಿಯುರಿಥೇನ್ ಫೋಮ್. ನೆಲಮಂಗಲದಿಂದ ಹೊಸಕೋಟೆವರೆಗೆ ರಸ್ತೆ ಪಕ್ಕ ಎದ್ದಿರೋ ಗೋದಾಮು, ಸೈಟ್ ಆಫೀಸುಗಳಲ್ಲಿ ಇದನ್ನ ನೋಡೇ ಇರ್ತೀರಿ.

ಪ್ಯಾನೆಲ್ ವಿಷಯದಲ್ಲಿ ಜಗಳ ಇಲ್ಲ. ಜಗಳ ಇರೋದು ಅದನ್ನ ಹೊತ್ತು ನಿಲ್ಲೋ ಕಂಬ, ತೊಲೆಗಳದ್ದು. ಚಿಕ್ಕಪ್ಪ ಸ್ಟೀಲ್ ಅಂತಾರೆ. ಅವರ ಮಗ, ನನ್ನ ತಮ್ಮ, ಮರ ಅಂತಾನೆ. ಕಾಡಿನ ಮರದ ದಿಮ್ಮಿ ಅಲ್ಲ, ಗ್ಲೂಲ್ಯಾಮ್. ಅಂದ್ರೆ ಒಣಗಿಸಿದ ಹಲಗೆಗಳನ್ನ ಒಂದರ ಮೇಲೊಂದು ಇಟ್ಟು, ಅಂಟು ಹಾಕಿ, ಒತ್ತಿ ಮಾಡಿದ ತೊಲೆ. ಇದು ಹೊಸದೇನಲ್ಲ. ಜರ್ಮನಿಯ ಒಟ್ಟೊ ಹೆಟ್ಜರ್ ಅನ್ನೋರು 1906ರಲ್ಲೇ ಬಾಗಿಸಿದ ಅಂಟು ತೊಲೆಗೆ ಪೇಟೆಂಟ್ ತಗೊಂಡಿದ್ದರು. ನಮ್ಮ ಕಡೆಗೆ ಮಾತ್ರ ಹೊಸದು.

ತಮ್ಮನಿಗೆ ಮರದ ಹುಚ್ಚು ಹಿಡಿದಿದ್ದು ಏರ್‌ಪೋರ್ಟ್‌ನಲ್ಲಿ. ದೇವನಹಳ್ಳಿಯ ಟರ್ಮಿನಲ್ 2 ನೋಡಿದ್ದೀರಲ್ಲ. 2022ರ ನವೆಂಬರ್ 11ಕ್ಕೆ ಉದ್ಘಾಟನೆ ಆಯ್ತು. ಒಳಗೆ ಹೋದರೆ ಮೇಲೆಲ್ಲಾ ಬಿದಿರು, ಕಂಬಗಳೂ ಬಿದಿರು. ಸಂಬಂಧಿಕರೊಬ್ಬರನ್ನ ಬಿಡೋಕೆ ಹೋಗಿದ್ದಾಗ ಇವನು, 'ಅಣ್ಣ, ನೋಡು, ಇಷ್ಟು ದೊಡ್ಡ ಕಟ್ಟಡವನ್ನೇ ಬಿದಿರು ಹೊತ್ತಿದೆ, ನಮ್ಮ ಶೆಡ್ ಹೊರಲ್ವಾ?' ಅಂದ. ನಾನೂ ಹೌದು ಅಂದ್ಕೊಂಡೆ. ಆಮೇಲೆ ಓದಿದಾಗ ಗೊತ್ತಾಯ್ತು, ಅಲ್ಲಿ ಭಾರ ಹೊತ್ತಿರೋದು ಸ್ಟೀಲು. ಸಂಸ್ಕರಿಸಿದ ಬಿದಿರನ್ನ ಛಾವಣಿಯಿಂದ ತೂಗುಹಾಕಿದ್ದಾರೆ, ಕಂಬಗಳಿಗೆ ಹೊದಿಸಿದ್ದಾರೆ. ಚೆಂದ ಬಿದಿರಿಂದು, ಕೆಲಸ ಸ್ಟೀಲಿಂದು. ಇದರಲ್ಲಿ ಮೋಸ ಏನಿಲ್ಲ, ಒಳ್ಳೆ ವಿನ್ಯಾಸವೇ. ಆದರೆ ಅದನ್ನ ನೋಡಿ ಮರದ ಕಂಬಕ್ಕೆ ಅಡ್ವಾನ್ಸ್ ಕೊಟ್ಟರೆ ತಪ್ಪು ನಮ್ಮದು.

ಹಾಗಂತ ತಮ್ಮನ ಮಾತು ಪೂರ್ತಿ ಸುಳ್ಳೂ ಅಲ್ಲ. ಅದು ಅರ್ಥ ಆಗಬೇಕು ಅಂದ್ರೆ ಚಿಕ್ಕಪ್ಪನ ಹಳೇ ಕೋಲ್ಡ್ ರೂಮ್ ಕತೆ ಹೇಳಬೇಕು.

ಮೂರು ವರ್ಷದ ಹಿಂದೆ ಹಳೇ ಕಬ್ಬಿಣದ ಶೆಡ್ ಒಳಗೇ ಒಂದು ಸಣ್ಣ ಕೋಲ್ಡ್ ರೂಮ್ ಕಟ್ಟಿಸಿದ್ದರು. ಗೋಡೆ ಬರೋ ಜಾಗದಲ್ಲಿ ಶೆಡ್‌ನ ಒಂದು ಕಂಬ, ಮೇಲೆ ಒಂದು ಅಡ್ಡ ತೊಲೆ ಇತ್ತು. ಕೆಲಸ ಮಾಡಿದವರು ಪ್ಯಾನೆಲ್ ಕತ್ತರಿಸಿ, ಕಂಬ, ತೊಲೆ ಎರಡೂ ಅದರ ಮೂಲಕವೇ ಹಾದು ಹೋಗೋ ಹಾಗೆ ಬಿಟ್ಟರು. ಸಂದಿಗೆ ಸ್ವಲ್ಪ ಫೋಮ್ ಹೊಡೆದು ಮುಚ್ಚಿದರು. ಬೇಸಿಗೆ ಪೂರ್ತಿ ಏನೂ ಆಗಲಿಲ್ಲ. ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವಿನ ರೇಟು ಏರುತ್ತೆ ಅಲ್ವಾ, ಅದಕ್ಕೇ ನಾಲ್ಕೈದು ದಿನದ ಹೂವು ಕೂಡಿಟ್ಟಿದ್ದರು. ಹಬ್ಬದ ಹಿಂದಿನ ದಿನ ಬಾಗಿಲು ತೆಗೆದರೆ ತೊಲೆ ಕೆಳಗಿದ್ದ ಬಾಕ್ಸ್‌ಗಳೆಲ್ಲಾ ಒದ್ದೆ. ಮೊಗ್ಗಿನ ಮೇಲೆ ಬೂದು ಬೂಷ್ಟು. ಚಿಕ್ಕಮ್ಮ ಬೆಳಗಿನ ಜಾವದವರೆಗೆ ಕೂತು ಕೆಟ್ಟ ಹೂವು ಆರಿಸಿ ಎಸೆದರು. ಉಳಿದಿದ್ದು ಅರ್ಧ ಬೆಲೆಗೆ ಹೋಯ್ತು.

ಛಾವಣಿ ಸೋರಿದೆ ಅಂತ ಎಲ್ಲರೂ ಮೇಲೆ ಹತ್ತಿ ನೋಡಿದರು. ಸೋರಿರಲಿಲ್ಲ. ಆಗಿದ್ದು ಇಷ್ಟು. ಆ ದಿನಗಳಲ್ಲಿ ಹೊರಗೆ 25 ಡಿಗ್ರಿ, ಗಾಳಿಯಲ್ಲಿ ತೇವಾಂಶ 80 ಪರ್ಸೆಂಟ್ ಇದೆ ಅಂದುಕೊಳ್ಳಿ. ಅಂಥ ಗಾಳಿ 21 ಡಿಗ್ರಿಗಿಂತ ತಣ್ಣಗಿರೋ ಯಾವ ವಸ್ತುವಿಗೆ ತಗುಲಿದರೂ ನೀರು ಬಿಡುತ್ತೆ. ಕೋಲ್ಡ್ ರೂಮ್ ಒಳಗೆ ಗುಲಾಬಿ ಇಡೋದು 2ರಿಂದ 4 ಡಿಗ್ರಿಯಲ್ಲಿ. ಕಬ್ಬಿಣ ಒಳಗಿನ ತಂಪನ್ನ ಹೊರಗೆ ಎಳೆದು ತರುತ್ತೆ, ಹೊರಗಿನ ಭಾಗ ಬೆವರುತ್ತೆ. ಸಂದಿಯಿಂದ ಒಳಗೆ ನುಗ್ಗಿದ ಬಿಸಿ ಗಾಳಿ ತಣ್ಣನೆ ತೊಲೆಗೆ ತಗುಲಿ ಅಲ್ಲೂ ನೀರಾಗುತ್ತೆ. ಆ ನೀರು ಬಾಕ್ಸ್ ಮೇಲೆ ತೊಟ್ಟಿಕ್ಕುತ್ತೆ.

ಎಷ್ಟು ವ್ಯತ್ಯಾಸ ಅಂದ್ರೆ, ಶಾಖ ಹರಿಸೋದರಲ್ಲಿ ಪಫ್ ಫೋಮ್‌ನ ಅಂಕಿ ಸುಮಾರು 0.023, ಮರದ್ದು ಸುಮಾರು 0.13, ಸ್ಟೀಲಿಂದು ಸುಮಾರು 50. ಅಂದ್ರೆ ಸ್ಟೀಲು ಮರಕ್ಕಿಂತ ಹೆಚ್ಚೂಕಡಿಮೆ 400 ಪಟ್ಟು, ಫೋಮ್‌ಗಿಂತ 2000 ಪಟ್ಟು ಜಾಸ್ತಿ ಶಾಖ ದಾಟಿಸುತ್ತೆ. ಕಂಬಳಿ ಹೊದ್ದುಕೊಂಡು ಒಂದು ಕಾಲನ್ನ ಹೊರಗೆ ಚಾಚಿ ಮಲಗಿದ ಹಾಗೆ.

ತಮ್ಮ ಈ ಅಂಕಿ ಹಿಡ್ಕೊಂಡು, 'ನೋಡಿದೆಯಾ, ಮರ ಹಾಕಿದ್ದರೆ ಹೂವು ಉಳೀತಿತ್ತು' ಅಂದ. ನಾನೂ ಒಂದು ವಾರ ಅವನ ಪಾರ್ಟಿಗೇ ಸೇರಿದ್ದೆ. ಆಮೇಲೆ ಕೋಲ್ಡ್ ಸ್ಟೋರೇಜ್ ಕೆಲಸ ಬಲ್ಲ ಒಬ್ಬ ಹಿರಿಯ ಎಂಜಿನಿಯರ್ ಹತ್ತಿರ ಎರಡೂ ಕೋಟೇಶನ್ ತಗೊಂಡು ಹೋದೆ. ಅವರು ರೇಟು ನೋಡಲೇ ಇಲ್ಲ. ಡ್ರಾಯಿಂಗ್ ನೋಡಿ ಕೇಳಿದ್ದು ಒಂದೇ ಮಾತು: 'ಕಂಬ ಎಲ್ಲಿ ನಿಲ್ಲುತ್ತೆ? ಪ್ಯಾನೆಲ್‌ನ ಒಳಗೋ, ಹೊರಗೋ, ಮಧ್ಯಕ್ಕೋ?'

ಇವತ್ತಿನ ಸಂಚಿಕೆಯ ತಿರುಳು ಇದೇ. ಸ್ಟೀಲೋ ಮರವೋ ಅನ್ನೋದು ಎರಡನೇ ಪ್ರಶ್ನೆ. ಕಂಬ ಎಲ್ಲಿ ನಿಲ್ಲುತ್ತೆ ಅನ್ನೋದು ಮೊದಲನೇ ಪ್ರಶ್ನೆ.

ಕಂಬ, ತೊಲೆ ಪೂರ್ತಿ ಹೊರಗಿದ್ದು, ತಣ್ಣನೆ ಪೆಟ್ಟಿಗೆ ಎಲ್ಲೂ ತೂತಾಗದೆ ಇಡಿಯಾಗಿ ಒಳಗೆ ನಿಂತರೆ, ಸ್ಟೀಲು ಶಾಖ ಹರಿಸಿದರೆ ಏನು, ಬಿಟ್ಟರೆ ಏನು? ತಂಪು ಅದಕ್ಕೆ ಮುಟ್ಟೋದೇ ಇಲ್ಲ. ಛಾವಣಿ ಪ್ಯಾನೆಲನ್ನ ಮೇಲಿನ ತೊಲೆಗೆ ತೂಗುಹಾಕಬೇಕಾದರೆ ಒಳಗೆ ಹೋಗೋ ಬೋಲ್ಟ್ ನೈಲಾನ್‌ದು ಇರಬೇಕು, ಸಂದಿಗಳನ್ನ ಬಿಸಿ ಇರೋ ಕಡೆಯಿಂದ, ಅಂದ್ರೆ ಹೊರಗಿನಿಂದ, ಗಾಳಿ ಆಡದ ಹಾಗೆ ಮುಚ್ಚಬೇಕು. ಅಷ್ಟು ಮಾಡಿದರೆ ಮರದ ಅತಿ ದೊಡ್ಡ ವಾದವೇ ಬಿದ್ದುಹೋಗುತ್ತೆ. ಇನ್ನೊಂದು ಕಡೆಯಿಂದ ನೋಡಿ. ಮನೆಯೋ ಆಫೀಸೋ ಕಟ್ತಾ ಇದ್ದೀರಿ, ಕಂಬಗಳು ಪ್ಯಾನೆಲ್‌ಗಳ ನಡುವೆ ಗೋಡೆಯಲ್ಲೇ ಬರ್ತವೆ ಅನ್ನಿ. ಆಗ ಪ್ರತಿ ಸ್ಟೀಲ್ ಕಂಬವೂ ಬಿಸಿಲಿನ ಶಾಖ ಒಳಗೆ ತರೋ ದಾರಿ. ಅಲ್ಲಿ ಮರಕ್ಕೆ ನಿಜವಾದ ಬೆಲೆ ಇದೆ.

ಅಂದ್ರೆ ಆ ಹಬ್ಬದಲ್ಲಿ ಹೂವು ಕೆಟ್ಟಿದ್ದು ಕಬ್ಬಿಣದಿಂದಲ್ಲ, ಕಬ್ಬಿಣವನ್ನ ಕಂಬಳಿಯಿಂದ ಹೊರಗೆ ಚಾಚಿದ್ದರಿಂದ.

ಸರಿ, ಮೊದಲ ಪ್ರಶ್ನೆ ಆಯ್ತು. ಎರಡನೇದು ನೀರು. ನಮ್ಮ ಕಡೆ ಹಳೇ ಕಾಲದಿಂದ ಕಂಬ ಅಂದ್ರೆ ಕಲ್ಲು. ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ಚಪ್ಪರ ನೋಡಿ, ಸೀಳಿದ ಕಲ್ಲುಕಂಬ. ದನದ ಕೊಟ್ಟಿಗೆಗೂ ಕಲ್ಲುಕಂಬ. ನಮ್ಮ ಅಜ್ಜಂದಿರಿಗೆ ಮರ ಗೊತ್ತಿರಲಿಲ್ಲ ಅಂತಲ್ಲ, ಕೆಂಪು ಮಣ್ಣಿನ ಗೆದ್ದಲು ಗೊತ್ತಿತ್ತು. ಮರದ ಕಂಬ ನಿಲ್ಲಿಸಿದ ಕಡೆಯೂ ಕೆಳಗೆ ಕಲ್ಲು ಇಟ್ಟೇ ನಿಲ್ಲಿಸ್ತಿದ್ದರು. ಗ್ಲೂಲ್ಯಾಮ್‌ಗೂ ಅದೇ ನಿಯಮ. ಸುಮಾರು 12 ಪರ್ಸೆಂಟ್ ತೇವಕ್ಕೆ ಒಣಗಿಸಿ ಅಂಟಿಸಿರ್ತಾರೆ. ಬುಡದ ಕತ್ತರಿಸಿದ ತುದಿ ಸ್ಟ್ರಾ ಇದ್ದ ಹಾಗೆ, ನೀರು ಹೀರುತ್ತೆ. ಅದಕ್ಕೇ ನೆಲದಿಂದ ಎತ್ತರದಲ್ಲಿ ಸ್ಟೀಲಿನ ಪಾದರಕ್ಷೆ ಹಾಕಿ ನಿಲ್ಲಿಸಬೇಕು, ಮರಕ್ಕೆ ಔಷಧಿ ಹೊಡೆದಿರಬೇಕು, ಕಟ್ಟಡದ ತಳಕ್ಕೆ ಗೆದ್ದಲು ಔಷಧಿ ಹಾಕಿರಬೇಕು. ಈಗ ಹೂವಿನ ಪ್ಯಾಕಿಂಗ್ ಶೆಡ್ ಹೇಗಿರುತ್ತೆ ಹೇಳಿ? ಬೆಳಗ್ಗೆಯಿಂದ ಸಂಜೆವರೆಗೆ ಬಕೆಟ್ ನೀರು, ನೆಲ ಯಾವಾಗಲೂ ಒದ್ದೆ, ರಾತ್ರಿ ಪೈಪ್ ಹಿಡಿದು ತೊಳೀತಾರೆ. ಅಂಥ ಕಡೆ ಮರದ ಬುಡವನ್ನ ವರ್ಷ ವರ್ಷ ಬಗ್ಗಿ ನೋಡೋ ಶಿಸ್ತು ಬೇಕು. ನಮ್ಮನೆಯಲ್ಲಿ ಆ ಶಿಸ್ತು ಇದೆಯಾ ಅಂತ ಕೇಳಿದೆ. ಚಿಕ್ಕಪ್ಪ ನಕ್ಕರು.

ಸ್ಟೀಲಿಗೂ ತುಕ್ಕು ಇದ್ದೇ ಇದೆ. ರೆಡ್ ಆಕ್ಸೈಡ್ ಒಂದು ಕೋಟ್ ಬಳಿದು ಬಿಡೋದು ಇಲ್ಲಿ ಸಾಲದು. ಬುಡಕ್ಕಾದರೂ ಸತು ಲೇಪನದ, ಅಂದ್ರೆ ಗ್ಯಾಲ್ವನೈಸ್ ಮಾಡಿದ ಸ್ಟೀಲು ಬೇಕು, ಬೇಸ್ ಪ್ಲೇಟ್ ನೆಲಕ್ಕಿಂತ ಸ್ವಲ್ಪ ಮೇಲಿರಬೇಕು. ಆದರೆ ತುಕ್ಕು ಕಣ್ಣಿಗೆ ಕಾಣುತ್ತೆ, ಗೆದ್ದಲು ಒಳಗೊಳಗೇ ತಿನ್ನುತ್ತೆ. ವ್ಯತ್ಯಾಸ ಅಷ್ಟೇ.

ಮೂರನೇದು ಗಾಳಿ. ಇದು ನನಗೆ ನಿಜಕ್ಕೂ ಆಶ್ಚರ್ಯ ತಂದ ಲೆಕ್ಕ. ಕಂಬ ಇರೋದು ಛಾವಣಿ ಹೊರೋಕೆ ಅಂತ ನಾವು ತಿಳ್ಕೊಂಡಿದ್ದೀವಿ. ಪಫ್ ಪ್ಯಾನೆಲ್ ತೂಕ ಎಷ್ಟು? ಒಂದು ಚದರ ಮೀಟರಿಗೆ ಹತ್ತು ಹನ್ನೆರಡು ಕೆಜಿ. ನಮ್ಮ 40 ಅಡಿ, 60 ಅಡಿ ಛಾವಣಿ ಪೂರ್ತಿ ಸೇರಿದರೂ ಎರಡೂವರೆ ಟನ್ ಚಿಲ್ಲರೆ. ಗಾಳಿ ಲೆಕ್ಕ ನೋಡಿ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರೋ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದ್ರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಅದು ಚದರ ಮೀಟರಿಗೆ ಸುಮಾರು 66 ಕೆಜಿ ಒತ್ತಡ. ಅಷ್ಟೂ ಮೇಲ್ಮುಖವಾಗಿ ಎತ್ತಿತು ಅಂತ ಸರಳವಾಗಿ ಲೆಕ್ಕ ಹಾಕಿದರೆ ನಮ್ಮ ಛಾವಣಿಗೆ 14 ಟನ್‌ಗೂ ಹೆಚ್ಚು. ನಿಜವಾದ ಲೆಕ್ಕ ಎತ್ತರ, ಇಳಿಜಾರು, ಬಾಗಿಲು ತೆರೆದಿದೆಯಾ ಅನ್ನೋದರ ಮೇಲೆ ಬದಲಾಗುತ್ತೆ, ಅದನ್ನ ಎಂಜಿನಿಯರ್ ಮಾಡಬೇಕು. ಆದರೆ ಅರ್ಥ ಆಯ್ತಲ್ಲ? ಪ್ಯಾನೆಲ್ ಕಟ್ಟಡದಲ್ಲಿ ಕಂಬದ ದೊಡ್ಡ ಕೆಲಸ ಛಾವಣಿಯನ್ನ ಹೊರೋದಲ್ಲ, ಹಾರಿಹೋಗದ ಹಾಗೆ ಹಿಡ್ಕೊಳ್ಳೋದು. ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆಗೆ ಪಾಲಿಹೌಸ್ ಕಿತ್ತುಹೋಗಿದ್ದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಿಡ್ಕೊಳ್ಳೋ ಕೆಲಸ ನಡೆಯೋದು ಜೋಡಣೆಯಲ್ಲಿ: ಫೌಂಡೇಶನ್ ಬೋಲ್ಟು, ತೊಲೆ ಕಂಬ ಸೇರೋ ಜಾಗ, ಪ್ಯಾನೆಲಿನ ಸ್ಕ್ರೂ. ಸ್ಟೀಲಲ್ಲಿ ಇದನ್ನ ಮಾಡೋರು ನಮ್ಮೂರ ಸುತ್ತಮುತ್ತ ಇದ್ದಾರೆ. ಮರದಲ್ಲಿ ಸ್ಕ್ರೂ ಎಷ್ಟು ಆಳ ಹೋಗಬೇಕು, ಅಂಚಿನಿಂದ ಎಷ್ಟು ದೂರ ಇರಬೇಕು ಅನ್ನೋದಕ್ಕೆ ಬೇರೆಯದೇ ಲೆಕ್ಕ ಇದೆ, ಅಂಚಿಗೆ ಹತ್ತಿರ ಹಾಕಿದರೆ ಸೀಳುತ್ತೆ. ಅದನ್ನ ಬಲ್ಲವರು ಕಡಿಮೆ.

ಯಾಕೆ ಕಡಿಮೆ? ಅದಕ್ಕೂ ಒಂದು ಕಾರಣ ಇದೆ. ಕಾಡು ಉಳೀಲಿ ಅಂತ ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರ ಬಳಸೋದನ್ನ ನಿಷೇಧಿಸಿತು. ಅದನ್ನ ತೆಗೆದಿದ್ದು 2020ರಲ್ಲಿ. 27 ವರ್ಷ. ಅಷ್ಟರಲ್ಲಿ ಒಂದು ತಲೆಮಾರಿನ ಎಂಜಿನಿಯರ್‌ಗಳು ಕಾಂಕ್ರೀಟು, ಸ್ಟೀಲಲ್ಲೇ ಕೈ ಪಳಗಿಸಿಕೊಂಡರು. ಹಾಗಂತ ವಿದ್ಯೆ ನಮ್ಮಲ್ಲಿ ಇಲ್ಲದೇ ಇಲ್ಲ. ಮಲ್ಲೇಶ್ವರದ 18ನೇ ಕ್ರಾಸಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಸಂಶೋಧನೆಗೇ ಅಂತ ಕಟ್ಟಿದ ಸಂಸ್ಥೆ ಇದೆ. ಮರದ ಬಗ್ಗೆ ದೇಶಕ್ಕೆ ಪಾಠ ಹೇಳೋ ಜಾಗಗಳು ನಮ್ಮ ಪಕ್ಕದಲ್ಲೇ ಇವೆ. ಆ ವಿದ್ಯೆ ಮೇಸ್ತ್ರಿಗಳವರೆಗೆ ಇನ್ನೂ ಇಳಿದಿಲ್ಲ.

ನಾಲ್ಕನೇದು ಬೆಂಕಿ. ಇಲ್ಲಿ ಮರ ಸೋಲುತ್ತೆ ಅಂದ್ಕೊಂಡಿದ್ದೆ. ಹಾಗಿಲ್ಲ. ದಪ್ಪ ಗ್ಲೂಲ್ಯಾಮ್ ತೊಲೆಗೆ ಬೆಂಕಿ ಬಿದ್ದರೆ ಹೊರಗಿನ ಪದರ ಇದ್ದಿಲಾಗುತ್ತೆ, ಆ ಇದ್ದಿಲೇ ಒಳಗಿನ ಮರವನ್ನ ಕಾಯುತ್ತೆ. ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್ ಸುಡುತ್ತೆ ಅಂತ ಲೆಕ್ಕ. ಅರ್ಧ ಗಂಟೆಗೆ ಸುಮಾರು 21 ಮಿಲಿ. ಅಷ್ಟು ದಪ್ಪ ಮೊದಲೇ ಜಾಸ್ತಿ ಕೊಟ್ಟಿದ್ದರೆ ತೊಲೆ ನಿಂತಿರುತ್ತೆ. ಸ್ಟೀಲು ಉರಿಯಲ್ಲ, ಆದರೆ 550ರಿಂದ 600 ಡಿಗ್ರಿ ಹೊತ್ತಿಗೆ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತೆ, ಬಾಗುತ್ತೆ. ಆದರೆ ನಮ್ಮ ಕಟ್ಟಡದಲ್ಲಿ ಮೊದಲು ಹೊತ್ತಿಕೊಳ್ಳೋದು ಇವೆರಡೂ ಅಲ್ಲ, ಪ್ಯಾನೆಲ್ ಒಳಗಿನ ಫೋಮ್. ಅದು ಕೊಡೋ ಹೊಗೆ ವಿಷ. ಹಾಗಾಗಿ ಬೆಂಕಿಯ ಭಯ ಇದ್ದರೆ ಕಂಬಕ್ಕಿಂತ ಮೊದಲು ಪ್ಯಾನೆಲ್ ಬದಲಾಯಿಸಿ, ವೈರಿಂಗ್ ಸರಿ ಮಾಡಿಸಿ. ಜನ ಕೂತು ಕೆಲಸ ಮಾಡೋ ಕಡೆ, ಮೇನ್ ಬೋರ್ಡ್ ಹಿಂದೆ, ರಾಕ್‌ವುಲ್ ತುಂಬಿದ ಪ್ಯಾನೆಲ್ ಸಿಗುತ್ತೆ, ಅದರ ತಿರುಳು ಉರಿಯಲ್ಲ. ಪಫ್‌ನಷ್ಟು ತಂಪು ಹಿಡಿಯಲ್ಲ, ತೂಕವೂ ಜಾಸ್ತಿ.

ಈಗ ನನ್ನ ವಿಷಯಕ್ಕೆ ಬರ್ತೀನಿ, ದುಡ್ಡು. ಮರದ ಕೋಟೇಶನ್ ಸ್ಟೀಲಿನ ಎರಡು ಪಟ್ಟಿಗೂ ಮೇಲಿತ್ತು. ಆ ಪೂರೈಕೆದಾರರು ಕೊಡ್ತಿದ್ದಿದ್ದು ಹೊರದೇಶದಿಂದ ಹಡಗಲ್ಲಿ ಬರೋ ತೊಲೆ, ಸಾಗಣೆ ಖರ್ಚೇ ಒಂದು ಭಾಗ. ಜೊತೆಗೆ ಒಂದು ತಾಂತ್ರಿಕ ಕಾರಣ. ಅದೇ ಅಳತೆಯ ತೊಲೆಯಲ್ಲಿ ಸ್ಟೀಲು ಮರಕ್ಕಿಂತ ಸುಮಾರು 17 ಪಟ್ಟು ಗಟ್ಟಿಯಾಗಿ ಬಾಗದೆ ನಿಲ್ಲುತ್ತೆ. ತಮಾಷೆ ಏನು ಅಂದ್ರೆ ತೂಕವೂ ಅಷ್ಟೇ ಪಟ್ಟು ಜಾಸ್ತಿ, ಹಾಗಾಗಿ ಕೆಜಿಗೆ ಕೆಜಿ ಹಾಕಿದರೆ ಇಬ್ಬರೂ ಸಮ. ಆದರೆ ಜಾಗ ಜಾಸ್ತಿ ಬೇಕಾಗುತ್ತೆ. 40 ಅಡಿ ಅಗಲ ದಾಟೋಕೆ ಮರದ ತೊಲೆ ಎರಡು ಅಡಿಗೂ ಮೀರಿದ ಎತ್ತರ ಕೇಳುತ್ತೆ, ಸ್ಟೀಲು ಹೆಚ್ಚೂಕಡಿಮೆ ಅದರ ಅರ್ಧ. ಶೆಡ್ ಅಷ್ಟು ಎತ್ತರ ಆದರೆ ಗೋಡೆ ಪ್ಯಾನೆಲೂ ಜಾಸ್ತಿ. ಈ ಖರ್ಚು ಕೋಟೇಶನ್‌ನಲ್ಲಿ ಕಂಬ, ತೊಲೆಯ ಸಾಲಲ್ಲಿ ಕಾಣಲ್ಲ, ಪ್ಯಾನೆಲ್ ಸಾಲಲ್ಲಿ ಅಡಗಿರುತ್ತೆ.

ಸಾಲದ ವಿಷಯ. ಕೃಷಿ ಮೂಲಸೌಕರ್ಯ ನಿಧಿ ಅಂತ 2020ರಲ್ಲಿ ಕೇಂದ್ರ ತಂದ ಯೋಜನೆ ಇದೆ. ಕೋಲ್ಡ್ ಸ್ಟೋರ್, ಪ್ಯಾಕಿಂಗ್ ಶೆಡ್ ಥರದ್ದಕ್ಕೆ 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿ, 7 ವರ್ಷದವರೆಗೆ. ಅರ್ಜಿ ಹಾಕೋ ಮೊದಲು ಈಗಿನ ನಿಯಮ ಬ್ಯಾಂಕಲ್ಲಿ ಕೇಳ್ಕೊಳ್ಳಿ. ಚಿಕ್ಕಪ್ಪನ ಲೆಕ್ಕ ಇದರ ಮೇಲೇ ನಿಂತಿದೆ, ಅಡ ಇಡ್ತಾ ಇರೋದು ಜಮೀನು. ಅದಕ್ಕೇ ನಾನು ಬ್ಯಾಂಕಿಗೆ ಹೋದಾಗ ಕೇಳಿದ ಪ್ರಶ್ನೆ, 'ಮರದ ಕಟ್ಟಡಕ್ಕೆ ಮೌಲ್ಯ ಹೇಗೆ ಕಟ್ತೀರಿ, ವಿಮೆ ಏನಾಗುತ್ತೆ?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸ್ಟೀಲೇ ಹಾಕಿ ಸರ್' ಅಂದ್ರು. ಅದು ತಾಂತ್ರಿಕ ಉತ್ತರ ಅಲ್ಲ, ಆದರೆ ಸಾಲ ಮಾಡೋನಿಗೆ ಅದೂ ಒಂದು ಉತ್ತರವೇ. ಇನ್ನೊಂದು, ನಮ್ಮ ಕಡೆ ರಿಂಗ್ ರಸ್ತೆ, ಕೈಗಾರಿಕಾ ಪ್ರದೇಶ ಅಂತ ಯಾವಾಗ ಯಾರ ಜಮೀನಿಗೆ ನೋಟಿಸ್ ಬರುತ್ತೋ ಗೊತ್ತಿಲ್ಲ. ಬೋಲ್ಟ್ ಹಾಕಿದ ಸ್ಟೀಲ್ ಶೆಡ್ ಬಿಚ್ಚಿ ಬೇರೆ ಕಡೆ ಕಟ್ಟಬಹುದು, ಏನಿಲ್ಲ ಅಂದ್ರೂ ಗುಜರಿಗೆ ಬೆಲೆ ಇದೆ. ವೆಲ್ಡಿಂಗ್‌ಗಿಂತ ಬೋಲ್ಟ್ ಕೇಳಿ ಅಂತ ನಾನು ಹೇಳೋದು ಅದಕ್ಕೇ.

ತಮ್ಮನ ಇನ್ನೊಂದು ವಾದ ಪರಿಸರದ್ದು. ಅದನ್ನ ಪಕ್ಕಕ್ಕೆ ತಳ್ಳೋಕೆ ಆಗಲ್ಲ. ನಮ್ಮ ದೇಶದಲ್ಲಿ ಒಂದು ಟನ್ ಸ್ಟೀಲ್ ಮಾಡೋಕೆ ಎರಡು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತೆ. ಮರ ಬೆಳೆಯುವಾಗ ಅದನ್ನ ಹೀರಿ ಇಟ್ಕೊಂಡಿರುತ್ತೆ. ಆದರೆ ಸಮುದ್ರ ದಾಟಿ ಬಂದ ಮರಕ್ಕಿಂತ ನಮ್ಮ ಜಮೀನಿನ ಬದುವಿನ ಸಿಲ್ವರ್ ಓಕು, ಇನ್ನೂ ಉಳಿದಿರೋ ನೀಲಗಿರಿ ತೋಪುಗಳಿಂದ ತೊಲೆ ಆಗೋ ಕಾಲ ಬಂದರೆ ಆ ವಾದಕ್ಕೆ ಬಲ ಬರುತ್ತೆ. ಈಗ ನಮ್ಮಲ್ಲಿ ಪದರ ಅಂಟಿಸಿದ ಮರ ಸಿಗುತ್ತೆ, ಎಲ್‌ವಿಎಲ್ ಅಂತಾರೆ, ಬಾಗಿಲು ಚೌಕಟ್ಟಿಗೆ ಬಳಸ್ತಾರೆ. ಚೌಕಟ್ಟಿಗೆ ಮಾರೋ ಮಾಲನ್ನ ತೊಲೆ ಅಂತ ಯಾರಾದರೂ ಕೊಟ್ಟರೆ, ಭಾರಕ್ಕೆ ಪರೀಕ್ಷೆ ಮಾಡಿದ ವರದಿ ಕೇಳಿ. ಇಲ್ಲ ಅಂದ್ರೆ ಎದ್ದು ಬನ್ನಿ.

ಕೊನೆಗೆ ಏನಾಯ್ತು? ಭಾನುವಾರ ಎಲ್ಲರೂ ಪಾಲಿಹೌಸ್ ಪಕ್ಕ ಕೂತ್ವಿ. ಪ್ಯಾಕಿಂಗ್ ಶೆಡ್, ಕೋಲ್ಡ್ ರೂಮ್‌ಗೆ ಸ್ಟೀಲು, ಅದೂ ಪೂರ್ತಿ ಹೊರಗೆ, ಪೆಟ್ಟಿಗೆಗೆ ಒಂದೂ ತೂತಿಲ್ಲದ ಹಾಗೆ. ಹೊಸ ಡ್ರಾಯಿಂಗ್‌ನಲ್ಲಿ ಆ ಸಾಲನ್ನ ಬರೆಸಿ ಸಹಿ ಹಾಕಿಸಿಕೊಂಡ್ವಿ. ಏರ್‌ಪೋರ್ಟ್ ಕಡೆಯಿಂದ ಬರೋರಿಗೆ ಅಂತ ತಮ್ಮ ಯೋಚಿಸ್ತಿರೋ ಎರಡು ರೂಮಿನ ಫಾರ್ಮ್‌ಸ್ಟೇ ಇದೆಯಲ್ಲ, ಅದಕ್ಕೆ ಅಂಟಿಸಿದ ಮರ. ಸಣ್ಣ ಅಗಲ, ಒಣ ನೆಲ, ಕಂಬ ಗೋಡೆಯಲ್ಲೇ ಬರುತ್ತೆ, ಜನ ಮಲಗೋ ಜಾಗ. ಅಲ್ಲಿ ಮರ ಗೆಲ್ಲುತ್ತೆ. ಅದು ಸಾಲದ ಮೊದಲ ಎರಡು ವರ್ಷದ ಕಂತು ಕಟ್ಟಿದ ಮೇಲೆ. ತಮ್ಮ ಒಪ್ಪಿದ, ಆದರೆ ಮುಖ ಊದಿಸಿಕೊಂಡೇ ಒಪ್ಪಿದ. ಚಿಕ್ಕಮ್ಮ ಮಾತ್ರ ಕೇಳಿದ್ದು ಬೇರೆ: 'ಮುಂದಿನ ಹಬ್ಬಕ್ಕೆ ಬಾಕ್ಸ್ ಒದ್ದೆ ಆಗಲ್ಲ ತಾನೇ?'

ನೀವೂ ಪ್ಯಾನೆಲ್ ಕಟ್ಟಡಕ್ಕೆ ಕೈ ಹಾಕ್ತಿದ್ದರೆ ಕೋಟೇಶನ್ ಕೊಟ್ಟವರಿಗೆ ಇಷ್ಟು ಕೇಳಿ. ಕಂಬ ಪ್ಯಾನೆಲಿನ ಒಳಗೋ ಹೊರಗೋ? ಬುಡಕ್ಕೆ ನೀರು ಬಂದರೆ ಏನು ಗತಿ? ಗಾಳಿ ಎತ್ತೋ ಲೆಕ್ಕ ಯಾರು ಮಾಡಿದ್ದಾರೆ, ಸಹಿ ಎಲ್ಲಿ? ಐದು ವರ್ಷ ಆದ ಮೇಲೆ ರಿಪೇರಿಗೆ ಯಾರು ಬರ್ತಾರೆ, ಎಷ್ಟು ದೂರದಿಂದ? ಈ ನಾಲ್ಕಕ್ಕೂ ಸರಿ ಉತ್ತರ ಬಂದರೆ ಸ್ಟೀಲಾದರೂ ಸರಿ, ಮರ ಆದರೂ ಸರಿ.

ಶೆಡ್ ಎದ್ದ ಮೇಲೆ, ಶ್ರಾವಣದ ಮಳೆ ಒಂದು ಸಲ ಬಂದುಹೋದ ಮೇಲೆ, ಏನಾಯ್ತು ಅಂತ ಖಂಡಿತ ಹೇಳ್ತೀನಿ. ಅಲ್ಲಿಯವರೆಗೆ ನಿಮ್ಮ ಅನುಭವ ಕಳಿಸಿ.